ಆಚೆ ದಂಡೆಯವರು

ನಸೌ ಗ್ರಾಮ, ಫಿಜಿ
12 ಮಾರ್ಚ್ 1984

ಪ್ರೀತಿಯ ಅಪಿಸಾಯ್,

ನಮ್ಮ ಸುದ್ದಿ ಅಲ್ಲಿಯ ರೇಡಿಯೋದಲ್ಲಿ ಬಂದಿರಬಹುದು, ಬಾರದೆಯೂ ಇರಬಹುದು. ಅದಕ್ಕೇ ಮೊದಲು ಇಷ್ಟು ಓದಿಕೋ: ನಾನು ಚೆನ್ನಾಗಿದ್ದೇನೆ. ಮಕ್ಕಳು ತೇವಿತ, ಲಿತಿಯಾ ಇಬ್ಬರೂ ಚೆನ್ನಾಗಿದ್ದಾರೆ. ನಿನ್ನ ಅಮ್ಮನೂ ಇದ್ದಾಳೆ. ಮನೆ ಮಾತ್ರ ಇಲ್ಲ.

ಚಂಡಮಾರುತ ಹಾದುಹೋದ ಮೇಲೆ ಎಲ್ಲ ಮುಗಿಯಿತೆಂದುಕೊಂಡು ನಾವು ಉದುರಿದ ತೆಂಗಿನಕಾಯಿ ಆರಿಸುತ್ತಿದ್ದೆವು. ಮಧ್ಯಾಹ್ನ ಮೇಲಿನ ಕಣಿವೆಯಿಂದ ನೀರು ಬಂತು. ಸದ್ದು ಮೊದಲು ಬಂತು, ಆಮೇಲೆ ವಾಸನೆ, ಆಮೇಲೆ ನೀರು. ಇಗರ್ಜಿಯ ಮುಂದಿನ ಮರದ ನಗಾರಿಯನ್ನು ಯಾರೋ ಬಡಿಯತೊಡಗಿದರು. ಉಟ್ಟ ಬಟ್ಟೆಯಲ್ಲೇ ಗುಡ್ಡದ ಮೇಲಿನ ಶಾಲೆಗೆ ಓಡಿದೆವು. ತಿರುಗಿ ನೋಡಿದರೆ ನಮ್ಮ ಮನೆಯ ಹುಲ್ಲಿನ ಮಾಡು ಒಂಚೂರೂ ಮುರಿಯದೆ ತೇಲಿಕೊಂಡು ಹೋಗುತ್ತಿತ್ತು. ಲಿತಿಯಾ ಅದಕ್ಕೆ ಟಾಟಾ ಮಾಡಿದಳು.

ಆಚೆ ದಂಡೆಯ ಕಬ್ಬಿನ ಬಯಲಿನವರಿಗೆ ಹತ್ತಿಕೊಳ್ಳಲು ಗುಡ್ಡವೇ ಇಲ್ಲವೆಂಬುದು ನಿನಗೆ ಗೊತ್ತು. ಅವರು ಮಾಡಿನ ಮೇಲೆ ಕೂತು ಸೀರೆ, ದುಪ್ಪಟಿ ಬೀಸುತ್ತಿದ್ದರು. ನಿನ್ನ ತಮ್ಮ ಮನೋವಾ ದೋಣಿ ಬಿಚ್ಚಿದ. ಊರ ಹಿರಿಯ ಇಲಿಯೇಸ ಬೇಡವೆಂದರು. ಮನೋವಾ ಅವರಿಗೆ ತಲೆ ಬಾಗಿಸಿ ನಮಸ್ಕಾರ ಮಾಡಿ ಹುಟ್ಟು ಎತ್ತಿಕೊಂಡೇ ಹೋದ. ಮತ್ತೆ ಮತ್ತೆ ಹೋಗಿ ಬಂದ. ಕತ್ತಲಾಗುವಷ್ಟರಲ್ಲಿ ಆ ಕಡೆಯ ಜನರೆಲ್ಲ ನಮ್ಮ ಶಾಲೆಯಲ್ಲಿದ್ದರು. ಅವರ ಎತ್ತುಗಳು, ಕಬ್ಬು, ಬಾವಿ, ಎಲ್ಲ ಹೋದವು.

ಈಗ ನಿನಗೆ ಹೇಳಬೇಕಾದದ್ದು. ಶಾಲೆಯಲ್ಲಿ ಕಾಲು ಚಾಚಲು ಜಾಗವಿರಲಿಲ್ಲ. ಮಳೆ ಬಿಡಲಿಲ್ಲ. ಮಕ್ಕಳಿಗೆ ಜ್ವರ ಶುರುವಾಯಿತು. ಗುಡ್ಡದ ಮೇಲೆ ನಿನ್ನ ಪಾಲಿನ ಜಾಗದಲ್ಲಿ ಹೊಸ ಮನೆಗೆಂದು ನೀನು ಪೇರಿಸಿಟ್ಟಿದ್ದ ಹಲಗೆ, ತಗಡು ಹಾಗೇ ಇದ್ದವು. ನಿನ್ನನ್ನು ಕೇಳಲು ಪುರುಸೊತ್ತಿರಲಿಲ್ಲ. ಅದರಲ್ಲೇ ಮೂರು ಸಣ್ಣ ಮನೆ ಎಬ್ಬಿಸಿದೆವು. ಒಂದರಲ್ಲಿ ನಾವು. ಎರಡರಲ್ಲಿ ಆಚೆ ದಂಡೆಯವರು. ಬೈಯುವುದಿದ್ದರೆ ನನ್ನನ್ನೇ ಬೈ.

ನಿನ್ನ
ಉನೈಸಿ


ದಕ್ಷಿಣ ಲೆಬನಾನ್
2 ಏಪ್ರಿಲ್ 1984

ಪ್ರೀತಿಯ ಉನೈಸಿ,

ರೇಡಿಯೋದಲ್ಲಿ ಬಂದದ್ದು ಎರಡೇ ಸಾಲು. ಫಿಜಿಯಲ್ಲಿ ಪ್ರವಾಹ, ಸಾವುನೋವು. ಯಾವ ನದಿ ಅಂತಲೂ ಹೇಳಲಿಲ್ಲ. ನಿನ್ನ ಪತ್ರ ಬರುವವರೆಗೆ ಈ ಕಲ್ಲುಗುಡ್ಡದ ಶಾಂತಿಪಡೆಯ ಚೌಕಿಯಲ್ಲಿ ನಾನು ಹೇಗಿದ್ದೆ ಎಂದು ಬರೆಯಲಾರೆ. ನಿನ್ನ ಅಕ್ಷರ ಕಂಡೊಡನೆ ಜೊತೆಯವರಿಗೆಲ್ಲ ಚಹಾ ಮಾಡಿ ಕೊಟ್ಟೆ. ದೇವರು ದೊಡ್ಡವನು.

ಈಗ ತಗಡಿನ ವಿಷಯ. ಮಳೆಗೆ ಮಕ್ಕಳನ್ನು ಮಲಗಿಸಿದ್ದಕ್ಕೆ ನಾನೇಕೆ ಬೈಯಲಿ? ಆದರೆ ನೀನು ಬರೆದಿರುವುದು ಮನೆ ಎಬ್ಬಿಸಿದೆವು ಎಂದು. ಕಂಬ ನೆಟ್ಟಿದ್ದೀರಾ? ಮೊಳೆ ಹೊಡೆದಿದ್ದೀರಾ? ಅವರು ಎಷ್ಟು ದಿನ ಇರುತ್ತಾರೆ? ಯಾರದೋ ಜಗಳದ ನಡುವೆ ಬಂದೂಕು ಹಿಡಿದು ನಿಂತು ಸಂಪಾದಿಸಿದ ತಗಡು ಅದು. ಆಚೆ ದಂಡೆಯವರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಆದರೆ ಗುಡ್ಡ ಹತ್ತಿದವರು ಮತ್ತೆ ಕೆಳಗಿನ ಕೆಸರಿಗೆ ಇಳಿಯಲು ಯಾಕೆ ಒಪ್ಪುತ್ತಾರೆ?

ಇದು ನಿನ್ನ ಕೆಲಸವಲ್ಲವೆಂದು ನನಗೆ ಗೊತ್ತು. ಮನೋವಾನ ಕೆಲಸ. ನೀನು ನಿನ್ನ ಹೆಸರು ಹಾಕಿಕೊಂಡು ಅವನನ್ನು ಹಿಂದೆ ಅಡಗಿಸುತ್ತಿದ್ದೀಯ. ಬೇರೆಯವರ ಸಾಮಾನು ಎತ್ತಿ ದಾನ ಮಾಡುವುದೆಂದರೆ ಅವನಿಗೆ ಚಿಕ್ಕಂದಿನಿಂದಲೂ ಖುಷಿ. ಒಂದು ಸಾಲು ಬರೆಯಲು ಹೇಳು. ಅಣ್ಣನ ಹತ್ತಿರ ಕೇಳಬೇಕು ಅನ್ನಿಸಲಿಲ್ಲವೇ ಎಂದು ನಾನು ಕೇಳಿದೆ ಅನ್ನು.

ಅಮ್ಮನ ಮಂಡಿನೋವು ಹೇಗಿದೆ?

ಅಪಿಸಾಯ್


ನಸೌ
20 ಏಪ್ರಿಲ್ 1984, ಶುಭ ಶುಕ್ರವಾರ

ಪ್ರೀತಿಯ ಅಪಿಸಾಯ್,

ಇವತ್ತು ಇಗರ್ಜಿಯೊಳಗಿನ ಕೆಸರು ಕೊನೆಗೂ ಖಾಲಿಯಾಯಿತು. ನಾವು ಹಾಡುವಾಗ ಆಚೆ ದಂಡೆಯವರು ಹೊರಗೆ ಮರದ ಕೆಳಗೆ ಕೂತಿದ್ದರು. ರಾಮನವಮಿಗೆ ಅವರು ಶಾಲೆಯಲ್ಲಿ ಢೋಲಕ್ ಬಾರಿಸಿ ಹಾಡಿದಾಗ ನಾವೂ ಹಾಗೇ ಕೂತಿದ್ದೆವು.

ಹೇಗೆ ಊಟ ಮಾಡುತ್ತಿದ್ದೇವೆಂದು ನೀನು ಕೇಳಲಿಲ್ಲ, ಆದರೂ ಹೇಳುತ್ತೇನೆ. ನೀರಲ್ಲಿ ನಿಂತ ಮರಗೆಣಸು ಕೊಳೆಯುವ ಮುಂಚೆ ಎಲ್ಲವನ್ನೂ ಕಿತ್ತು ಬೇಯಿಸಿದೆವು. ಮೊದಲ ವಾರ ಬರೀ ಅದೇ. ಸರಕಾರದ ದೋಣಿ ಬರುವುದಕ್ಕೆ ಮೊದಲು ಬಂದವರು ಮೇಲಿನ ಕಣಿವೆಯ ಹಳ್ಳಿಗಳವರು. ಅವರ ಊರುಗಳಲ್ಲೂ ಅರ್ಧ ಮನೆ ಬಿದ್ದಿವೆ. ಆದರೂ ಬಿದಿರಿನ ತೆಪ್ಪ ಕಟ್ಟಿ, ಕೆಸುವಿನ ಗೆಡ್ಡೆ, ಬಾಳೆಗೊನೆ ಹೇರಿ ಹೊಳೆಯಲ್ಲಿ ತೇಲಿಬಿಟ್ಟುಕೊಂಡು ಬಂದರು. ಇಳಿಸಿ, ಒಂದು ಬಟ್ಟಲು ಯಂಗೋನ ಬೇರಿನ ಪಾನಕ ಕುಡಿದು, ನಡೆದುಕೊಂಡೇ ವಾಪಸು ಹೋದರು. ತೆಪ್ಪಗಳನ್ನು ನಮಗೇ ಬಿಟ್ಟರು, ಗೋಡೆಗಾಗುತ್ತದೆ ಅಂತ.

ಆಮೇಲೆ ಸರಕಾರದ ದೋಣಿಯಲ್ಲಿ ಹಿಟ್ಟು, ಬಿಸ್ಕತ್ತು, ದನದ ಮಾಂಸದ ಡಬ್ಬಿ ಬಂದವು. ಅಲ್ಲಿಂದ ಜಗಳ. ನಮ್ಮವರು ಡಬ್ಬಿಯನ್ನು ದೊಡ್ಡ ಹಂಡೆಗೇ ಸುರಿದುಬಿಟ್ಟರು. ಆಚೆ ದಂಡೆಯ ಹೆಂಗಸರು ಆ ಹಂಡೆಯನ್ನು ಮತ್ತೆ ಮುಟ್ಟಲಿಲ್ಲ. ಮಕ್ಕಳನ್ನೂ ಉಪವಾಸ ಕೆಡವಿದರು. ಇಷ್ಟು ದಿನ ನಮ್ಮ ಗೆಡ್ಡೆ ತಿಂದವರಿಗೆ ಈಗ ಮಡಿ ಬಂತಾ ಎಂದು ನಮ್ಮ ಕಡೆಯ ಒಬ್ಬಳು ಆಡಿದಳು. ಫೂಲ್ಮತಿ ಎಂಬ ಹೆಂಗಸೊಬ್ಬಳಿದ್ದಾಳೆ, ಮೂರು ಹೆಣ್ಣುಮಕ್ಕಳ ವಿಧವೆ, ಹೊಳೆ ತಿರುವಿನ ಕೊನೆಯ ಮನೆಯವಳು. ಅವಳು ಹೋಗಿ ಇನ್ನೊಂದು ಒಲೆ ಹೂಡಿ, ಸರಕಾರದ ಹಿಟ್ಟಿನಲ್ಲಿ ರೊಟ್ಟಿ ತಟ್ಟಿದಳು. ಮೊದಲ ರೊಟ್ಟಿಗಳನ್ನು ತಂದು ಆಡಿದವಳ ಮಕ್ಕಳಿಗೇ ಕೊಟ್ಟಳು. ಈಗ ಎರಡು ಒಲೆ, ಎರಡು ಸಾಲು. ರೊಟ್ಟಿಯ ಕಡೆಗೇ ಸಾಲು ಉದ್ದ.

ಆದರೆ ಊರಲ್ಲಿ ಎಲ್ಲರ ಮನಸ್ಸೂ ಒಂದೇ ಇಲ್ಲ. ನೀನು ಬರೆದ ಮಾತನ್ನೇ ಇಲ್ಲಿ ಕೆಲವರು ಆಡುತ್ತಿದ್ದಾರೆ. ಇಲಿಯೇಸ ಮೊನ್ನೆ ನನ್ನನ್ನು ಕರೆಸಿ ಹೇಳಿದರು: "ಜಾಗ ಅಪಿಸಾಯ್‌ದು, ಉನೈಸಿ. ಅವ್ನು ಹೂಂ ಅಂದ್ರೆ ನಂದೇನೂ ಅಡ್ಡಿ ಇಲ್ಲ. ಉಹೂಂ ಅಂದ್ರೆ ಅವ್ರು ಕೆಳಗೆ ಇಳೀಬೇಕಾಗುತ್ತೆ. ಅವನ ಬಾಯಿಂದಾನೇ ಬರ್ಲಿ."

ಕೆಳಗೆ ಏನಿದೆ ಹೇಳಲಾ? ಮೊಳಕಾಲುದ್ದ ಕೆಸರು, ಸತ್ತ ಎತ್ತುಗಳ ವಾಸನೆ. ನೀರು ಕುಡಿಯುವಂತಿಲ್ಲ. ಫೂಲ್ಮತಿಯ ಮನೆ ಇದ್ದ ಕಡೆ ಈಗ ಹೊಳೆಯೇ ಹರಿಯುತ್ತಿದೆ. ಒಂದು ವರ್ಷವಾದರೂ ಅವರು ಇಲ್ಲಿರಬೇಕು ಅಪಿಸಾಯ್. ನಿನ್ನ ಒಪ್ಪಿಗೆ ಬೇಕು.

ಮನೋವಾ ಬರೆಯಲಿಲ್ಲವೆಂದು ಕೋಪ ಮಾಡಿಕೊಳ್ಳಬೇಡ. ಅವನು ಪತ್ರ ಬರೆದದ್ದನ್ನು ನೀನು ಯಾವತ್ತಾದರೂ ಕಂಡಿದ್ದೀಯಾ?

ಪರಿಹಾರದವರು ತೆಗೆದ ಒಂದು ಫೋಟೋ ಇಟ್ಟಿದ್ದೇನೆ. ರೊಟ್ಟಿಯ ಒಲೆಯ ಹತ್ತಿರ ನಿಂತಿರುವವಳು ಫೂಲ್ಮತಿ.

ಉನೈಸಿ


ದಕ್ಷಿಣ ಲೆಬನಾನ್
11 ಮೇ 1984

ಪ್ರೀತಿಯ ಉನೈಸಿ,

ಫೋಟೋವನ್ನು ನನ್ನ ಹಾಸಿಗೆಯ ಮೇಲೆ ಗೋಡೆಗೆ ಅಂಟಿಸಿದ್ದೇನೆ. ತೇವಿತ ಎಷ್ಟು ಉದ್ದವಾಗಿದ್ದಾನೆ. ಅಮ್ಮ ಹಿಂದೆ ಕಪ್ಪು ಉಡುಪಿನಲ್ಲಿ ಕೂತಿದ್ದಾಳೆ. ಯಾರಿಗಾಗಿ? ನನ್ನ ಸೋದರಮಾವ ಹೋದರೇ? ಅಥವಾ ಊರಿಗೆ ಊರೇ ದುಃಖದಲ್ಲಿದೆಯೆಂದು ಎಲ್ಲ ಮುದುಕಿಯರೂ ಹಾಗೇ ಉಟ್ಟಿದ್ದಾರೋ. ಅವಳು ಕ್ಯಾಮೆರಾ ನೋಡುತ್ತಿಲ್ಲ, ಆ ರೊಟ್ಟಿಯ ಒಲೆಯನ್ನೇ ನೋಡುತ್ತಿದ್ದಾಳೆ. ಹಸಿವಾಗಿತ್ತೇನೋ.

ಮನೋವಾ ಫೋಟೋದಲ್ಲೂ ಇಲ್ಲ. ಈಗ ನನಗೆ ವಿಷಯ ಅರ್ಥವಾಗಿದೆ. ನೀನು ಹೇಳದಿದ್ದರೂ ನನಗೆ ಗೊತ್ತಾಗುತ್ತದೆ. ತಗಡು ಹಂಚಿ ಅಣ್ಣನಿಗೆ ಮುಖ ತೋರಿಸಲು ಹೆದರಿ ಪಟ್ಟಣಕ್ಕೋ ಚಿನ್ನದ ಗಣಿಗೋ ಹೋಗಿದ್ದಾನೆ. ಊರು ಕೆಸರಲ್ಲಿ ಮುಳುಗಿರುವಾಗ, ಕೈಗಳು ಬೇಕಾಗಿರುವಾಗ, ಹೆಂಗಸರ ಮೇಲೆ ಎಲ್ಲ ಬಿಟ್ಟು ಹೋಗಿದ್ದಾನೆ. ಒಂದು ದಿನ ದೋಣಿ ಹೊಡೆದು ಹೆಸರು ಮಾಡಿಕೊಳ್ಳುವುದು ಸುಲಭ. ಮಾರನೆಯ ದಿನ ಗುದ್ದಲಿ ಹಿಡಿಯುವುದು ಕಷ್ಟ. ಎಲ್ಲಿದ್ದಾನೋ ಅಲ್ಲಿಗೆ ಈ ಮಾತನ್ನು ಹೀಗೇ ತಲುಪಿಸು.

ಒಪ್ಪಿಗೆ ಕೊಡುತ್ತೇನೆ. ಮೂರು ರಾತ್ರಿ ಯೋಚಿಸಿದೆ. ಇಲ್ಲಿ ನಮ್ಮ ಚೌಕಿಯ ಕೆಳಗಿನ ಹಳ್ಳಿಗೆ ಹೋದ ವಾರ ಗುಂಡು ಬಿದ್ದು ನಾಲ್ಕು ಮನೆ ಹೋದವು. ಸಂಜೆಯೊಳಗೆ ಆ ಮನೆಗಳವರು ಬೇರೆ ಮನೆಗಳಲ್ಲಿದ್ದರು. ಯಾರೂ ಯಾರನ್ನೂ ಕರೆದದ್ದು ನಾನು ನೋಡಲಿಲ್ಲ. ಹಾಸಿಗೆ ಹೊತ್ತುಕೊಂಡು ಪಕ್ಕದ ಬಾಗಿಲಿಗೆ ನಡೆದರು, ಅಷ್ಟೆ. ಇದನ್ನು ನೋಡಿದ ಮೇಲೆ ನಿನಗೆ ಇಲ್ಲವೆಂದು ಬರೆಯಲು ಕೈ ಬರಲಿಲ್ಲ.

ಇಲಿಯೇಸರಿಗೆ ತೋರಿಸು: ಆಚೆ ದಂಡೆಯವರು ನನ್ನ ಜಾಗದಲ್ಲಿ, ನನ್ನ ತಗಡಿನ ಕೆಳಗೆ, ತಮ್ಮ ಮನೆ ಮತ್ತೆ ಏಳುವವರೆಗೆ ಇರಬಹುದು. ಇದು ಅಪಿಸಾಯ್‌ನ ಮಾತು.

ಅಪಿಸಾಯ್


ನಸೌ
31 ಮೇ 1984

ಪ್ರೀತಿಯ ಅಪಿಸಾಯ್,

ನಿನ್ನ ಪತ್ರ ಬಂತು. ಸಭೆಯಲ್ಲಿ ಗಟ್ಟಿಯಾಗಿ ಓದಿದೆ. ಮನೋವಾನನ್ನು ಕುರಿತು ನೀನು ಬರೆದ ಭಾಗವನ್ನು ಬಿಟ್ಟು ಓದಿದೆ. ಇಲಿಯೇಸ ಚಪ್ಪಾಳೆ ತಟ್ಟಿ, ಮಾತು ಮುಗಿಯಿತು ಎಂದರು. ಎದುರು ಮಾತಾಡಿದವರೂ ಸುಮ್ಮನಾದರು. ಅಮ್ಮ ನಡುವೆಯೇ ಎದ್ದು ಹೊರಗೆ ಹೋದಳು.

ನೀನು ದೊಡ್ಡ ಮನಸ್ಸಿನವನು. ಅದನ್ನು ನಾನು ಸುಮ್ಮನೆ ಬರೆಯುತ್ತಿಲ್ಲ.

ನಿನಗೆ ಇನ್ನೊಂದು ಪತ್ರ ಬರೆಯಬೇಕು. ಇವತ್ತು ಕೈ ಬರುತ್ತಿಲ್ಲ. ಮಕ್ಕಳು ಮುತ್ತು ಕಳಿಸಿದ್ದಾರೆ.

ಉನೈಸಿ


ದಕ್ಷಿಣ ಲೆಬನಾನ್
14 ಜೂನ್ 1984

ಉನೈಸಿ,

ನಿನ್ನೆ ಫಿಜಿಯಿಂದ ಹೊಸ ತುಕಡಿ ಬಂತು. ಅದರಲ್ಲಿ ನಮ್ಮ ಪಕ್ಕದ ಹಳ್ಳಿಯ ಹುಡುಗ ಜೋಸೆಫಾ ಇದ್ದ. ಊಟದ ಸಾಲಿನಲ್ಲಿ ನಿಂತಿದ್ದೆ. ನನ್ನ ಎರಡೂ ಕೈ ಹಿಡಿದುಕೊಂಡು, "ಅಣ್ಣಾ, ಮನೋವಾನ ಮಣ್ಣಿಗೆ ನಾನೂ ಬಂದಿದ್ದೆ. ಹೊಳೆ ಉದ್ದಕ್ಕೂ ಇರೋ ಊರೆಲ್ಲಾ ಬಂದಿತ್ತು," ಅಂದ.

ನಾನು ಯಾವ ಮನೋವಾ ಅಂದೆ.

ಅವನ ಮುಖ ನೋಡಿ ಗೊತ್ತಾಯಿತು.

ಮಾರ್ಚ್ ತಿಂಗಳಲ್ಲೇ ಸತ್ತವನಿಗೆ ನಾನು ಬೈದು ಬರೆಯುತ್ತಿದ್ದೇನೆ. ನೀನು ಅದನ್ನು ಓದಿ, ಮಡಿಸಿಟ್ಟು, ರೊಟ್ಟಿಯ ಕಥೆ ಬರೆಯುತ್ತಿದ್ದೆ. ಗುದ್ದಲಿ ಹಿಡಿಯಲಾರದೆ ಓಡಿಹೋದ ಎಂದು ಬರೆದೆ ನಾನು. ನನ್ನ ಕೈಯಿಂದ ಅದನ್ನು ಬರೆಸಿದೆ ನೀನು.

ಏನಾಯಿತೆಂದು ಪೂರ್ತಿ ಬರೆ. ಬೇರೆ ಏನನ್ನೂ ಬರೆಯಬೇಡ.

ಅಪಿಸಾಯ್


ನಸೌ
3 ಜುಲೈ 1984

ಅಪಿಸಾಯ್,

ಬರೆಯುತ್ತೇನೆ.

ಕೊನೆಗೆ ಉಳಿದದ್ದು ಹೊಳೆ ತಿರುವಿನ ಮನೆ, ಫೂಲ್ಮತಿಯದು. ಅಷ್ಟೊತ್ತಿಗೆ ಮನೋವಾನ ಅಂಗೈ ಚರ್ಮ ಕಿತ್ತುಹೋಗಿತ್ತು. ಅಮ್ಮ ಅವನ ಅಂಗಿ ಹಿಡಿದು ಸಾಕು ಅಂದಳು. ಅವನು ನಕ್ಕು ಅಂಗಿಯನ್ನೇ ಬಿಚ್ಚಿ ಅವಳ ಕೈಗೆ ಕೊಟ್ಟು ಹೋದ. ಫೂಲ್ಮತಿಯನ್ನೂ ಮೂರು ಮಕ್ಕಳನ್ನೂ ಹತ್ತಿಸಿಕೊಂಡು ಹೊಳೆ ದಾಟಿದ. ನಮ್ಮ ದಂಡೆ ಇನ್ನೇನು ಸಿಕ್ಕಿತು ಅನ್ನುವಾಗ ತೇಲಿಬಂದ ಮರವೊಂದು ದೋಣಿಯನ್ನು ಮಗುಚಿತು. ಗಂಡಸರು ಹಗ್ಗ ಎಸೆದರು. ಫೂಲ್ಮತಿ ಇಬ್ಬರು ಮಕ್ಕಳನ್ನು ಅವುಚಿಕೊಂಡು ಹಗ್ಗ ಹಿಡಿದಳು. ಒಂದು ಮಗು ಕಾಣಲಿಲ್ಲ. ಮನೋವಾ ಮುಳುಗಿ ಅದನ್ನು ತೆಗೆದ. ಹೆಗಲ ಮೇಲೆ ಕೂರಿಸಿಕೊಂಡು ದಂಡೆಯ ಬೇರುಗಳವರೆಗೆ ಬಂದ. ಅಲ್ಲಿ ನಾನಿದ್ದೆ. "ಅತ್ತಿಗೆ, ಹಿಡ್ಕೋ, ಭಾರ ಇಲ್ಲ," ಅಂದ. ನಾನು ಎರಡೂ ಕೈಯಲ್ಲಿ ಮಗುವನ್ನು ಎತ್ತಿಕೊಂಡೆ. ಅವನು ಹಿಡಿದಿದ್ದ ದಂಡೆಯ ಮಣ್ಣು ಬೇರು ಸಮೇತ ಕುಸಿಯಿತು. ನನ್ನ ಎರಡೂ ಕೈ ಮಗುವಿನ ಮೇಲಿದ್ದವು.

ಮಾರನೆಯ ದಿನ ಅಳಿವೆಯ ಕಾಂಡ್ಲಾ ಗಿಡಗಳ ನಡುವೆ ಸಿಕ್ಕಿದ. ಅಪ್ಪನ ಪಕ್ಕದಲ್ಲಿ ಮಲಗಿಸಿದೆವು. ಆಚೆ ದಂಡೆಯ ಗಂಡಸರು ಗುಂಡಿ ತೋಡಿದರು. ನಮ್ಮವರು ಬೇಡವೆಂದರೂ ಬಿಡಲಿಲ್ಲ.

ನಿನಗೆ ತಂತಿ ಕೊಡುವುದು ಬೇಡವೆಂದು ಮೊದಲು ಹೇಳಿದವರು ಇಲಿಯೇಸ ಮತ್ತು ಪಾದ್ರಿಗಳು. ಅವನು ಬಂದೂಕಿನ ನಡುವೆ ನಿಂತಿದ್ದಾನೆ, ಬರಲಿಕ್ಕೂ ಆಗುವುದಿಲ್ಲ, ಬಂದ ಮೇಲೆ ಹೇಳೋಣ ಅಂದರು. ನಾನು ಅವರ ಹಿಂದೆ ಅಡಗಿಕೊಳ್ಳುವುದಿಲ್ಲ. ಆಮೇಲೆ ಮುಚ್ಚಿಟ್ಟದ್ದು ನಾನೇ. ತಮ್ಮ ಹೋದನೆಂದು ಬರೆದಿದ್ದರೆ ನೀನು ಯಾರಿಗಾಗಿ ಎಂದು ಕೇಳುತ್ತಿದ್ದೆ. ಆ ಯಾರು ನಿನ್ನ ತಗಡಿನ ಕೆಳಗೇ ಮಲಗಿದ್ದರು. ಅವರನ್ನು ಇಳಿಸು ಎಂದು ನೀನು ಒಂದು ಸಾಲು ಬರೆದಿದ್ದರೆ ಇಲಿಯೇಸ ಇಳಿಸುತ್ತಿದ್ದರು. ಮಕ್ಕಳಿಗೆ ಜ್ವರ ಬಿಟ್ಟಿರಲಿಲ್ಲ. ಮೊದಲು ನಿನ್ನ ಹೂಂ ಬರಲಿ, ಆಮೇಲೆ ಹೇಳುತ್ತೇನೆ ಅಂದುಕೊಂಡೆ. ಹೂಂ ಬಂದ ಮೇಲೆ ಹೇಳುವ ಧೈರ್ಯ ಹೋಯಿತು.

ನಿನ್ನ ಜೂನ್ ತಿಂಗಳ ಪತ್ರ ಬಂದಾಗ ನಾನು ಒಲೆಯ ಹತ್ತಿರ ಕೂತಿದ್ದೆ. ಫೂಲ್ಮತಿ ನನ್ನ ಮುಖ ನೋಡಿ ಏನೆಂದು ಕೇಳಿದಳು. ಹೇಳಿಬಿಟ್ಟೆ. ಅವಳು ಹಿಟ್ಟಿನ ಕೈ ಒರೆಸಿಕೊಂಡಳು. "ಅವರಿಗೆ ಗೊತ್ತಿಲ್ದಂಗೆ ಹೂಂ ಅನ್ನಿಸ್ಕೊಂಡ್ಯಾ ಅಕ್ಕ?" ಅಂದಳು. ಹೋಗಿ ಏಣಿ ಇಟ್ಟು, ಕಬ್ಬು ಕಡಿಯುವ ಕತ್ತಿಯ ಹಿಂಬದಿಯಿಂದ ತನ್ನ ಮನೆಯ ತಗಡಿನ ಮೊಳೆ ಕೀಳತೊಡಗಿದಳು. ಮಕ್ಕಳು ಕೆಳಗೆ ಪಾತ್ರೆ ಹಿಡಿದುಕೊಂಡು ನಿಂತವು. ಊರೆಲ್ಲ ಸೇರಿತು. ಇಲಿಯೇಸ ಬಂದು ನಿಲ್ಲಿಸಲು ಹೇಳಿದರು.

"ವಿಷ್ಯ ಗೊತ್ತಿಲ್ದೋರ ಹತ್ರ ಇಸ್ಕೊಂಡಿದ್ದು ಕದ್ದಂಗೇನೇ ದೊಡ್ಡೋರೆ," ಅಂದಳು ಅವಳು, ಕೈ ನಿಲ್ಲಿಸದೆ. "ನನ್ನ ಮಕ್ಳನ್ನ ಅದರ ಕೆಳಗೆ ಮಲಗಿಸಲ್ಲ."

ಆಗ ಅಮ್ಮ ಬಂದಳು. ನಿನಗೆ ಬರೆದಿರಲಿಲ್ಲ, ಮಾರ್ಚ್‌ನಿಂದ ಅಮ್ಮ ಫೂಲ್ಮತಿಯ ಜೊತೆ ಒಂದು ಮಾತೂ ಆಡಿಲ್ಲ. ಅವಳು ತಟ್ಟಿದ ರೊಟ್ಟಿ ತಿಂದಿಲ್ಲ. ಅವಳು ಎದುರು ಬಂದರೆ ದಾರಿ ಬದಲಿಸುತ್ತಾಳೆ. ಅಂಥ ಅಮ್ಮ ಏಣಿಯ ಬುಡಕ್ಕೆ ಬಂದು ನಿಂತಳು.

"ಇಳಿ," ಅಂದಳು. "ನಿನ್ನ ಮುಖ ನೋಡೋಕೆ ನನಗೆ ಆಗಲ್ಲ. ಇನ್ನು ಮುಂದೂ ಆಗುತ್ತೋ ಇಲ್ವೋ. ಆದ್ರೆ ನನ್ನ ಒಬ್ಬ ಮಗ ದಂಡೆಗೆ ತಂದು ಬಿಟ್ಟೋರನ್ನ ಇನ್ನೊಬ್ಬ ಮಗನ ಹೆಸರು ಹೇಳಿ ಯಾರೂ ಕೆಳಗೆ ಕಳಿಸಬಾರ್ದು. ನೀನೂ ಕಳಿಸಬಾರ್ದು. ಇಳಿ ಮೊದ್ಲು."

ಫೂಲ್ಮತಿ ಇಳಿದಳು. ಅಮ್ಮ ಅವಳ ಕಡೆ ನೋಡದೆ ಹೊರಟುಹೋದಳು. ಅಷ್ಟರಲ್ಲಿ ಎರಡು ತಗಡು ಬಿಚ್ಚಿಯಾಗಿತ್ತು. ಅವು ಇನ್ನೂ ಗೋಡೆಗೆ ಒರಗಿಕೊಂಡಿವೆ. ಎಲ್ಲ ತಿಳಿದ ಮೇಲೆ ನಿನ್ನ ಮಾತು ಬರಲಿ, ಅಲ್ಲಿಯವರೆಗೆ ಮತ್ತೆ ಮೊಳೆ ಹೊಡೆಯುವುದಿಲ್ಲ ಎಂದು ಅವಳು ಹಟ ಹಿಡಿದಿದ್ದಾಳೆ. ಮಳೆ ಬಂದರೆ ಮಕ್ಕಳನ್ನು ಎಳೆದುಕೊಂಡು ಒಂದು ಮೂಲೆಯಲ್ಲಿ ಕೂರುತ್ತಾಳೆ. ನಮ್ಮ ಕಡೆ ಬಾ ಎಂದರೆ ಬರುವುದಿಲ್ಲ.

ನನ್ನನ್ನು ಕ್ಷಮಿಸು ಎಂದು ಬರೆಯಲು ನನಗೆ ಮುಖವಿಲ್ಲ. ಆದರೆ ಅವರಿಗೆ ಉತ್ತರ ಕೊಡು.

ಉನೈಸಿ


ದಕ್ಷಿಣ ಲೆಬನಾನ್
27 ಜುಲೈ 1984

ಉನೈಸಿ,

ನಿನ್ನ ಪತ್ರ ಬಂದು ಕೆಲವು ದಿನಗಳಾದವು. ಬರೆಯಲು ಕೂತು ಎದ್ದು ಹೋಗುತ್ತಿದ್ದೆ. ಜೋಸೆಫಾ ನನ್ನ ಪಾಲಿನ ಕಾವಲನ್ನೂ ಕಾದ.

ಮೊದಲು ನಮ್ಮಿಬ್ಬರ ವಿಷಯ ಹೇಳಿಬಿಡುತ್ತೇನೆ. ಮೇ ತಿಂಗಳಲ್ಲಿ ಕೊಟ್ಟ ಹೂಂ ನನ್ನದಲ್ಲ. ನೀನು ನನ್ನಿಂದ ಅನ್ನಿಸಿದ್ದು. ಗೊತ್ತಿದ್ದಿದ್ದರೆ ಒಪ್ಪುತ್ತಿದ್ದೆನೋ ಇಲ್ಲವೋ, ನನಗೇ ಗೊತ್ತಿಲ್ಲ. ಮೊದಲನೆಯ ರಾತ್ರಿ ಖಂಡಿತ ಒಪ್ಪುತ್ತಿರಲಿಲ್ಲ. ಅವರನ್ನು ಹೊಳೆಗೇ ಇಳಿಸಿ ಎಂದು ಬರೆಯುತ್ತಿದ್ದೆ. ಆ ಪತ್ರವನ್ನು ಅಂಚೆಗೆ ಹಾಕುತ್ತಿದ್ದೆನೋ ಹರಿದು ಹಾಕುತ್ತಿದ್ದೆನೋ ಯಾರು ಬಲ್ಲರು. ನಾನು ಎಂಥವನೆಂದು ನೋಡಿಕೊಳ್ಳಲು ನೀನು ಬಿಡಲಿಲ್ಲ. ನೀನು ನನ್ನನ್ನು ನಂಬಲಿಲ್ಲ. ಮಕ್ಕಳ ಜ್ವರ ದೊಡ್ಡದೆಂದು ನನಗೂ ಅರ್ಥವಾಗುತ್ತದೆ. ಆದರೂ ಇದು ಬೇಗ ಹೋಗುವ ನೋವಲ್ಲ. ನಾನು ಬಂದ ಮೇಲೆ ಕೆಲವು ದಿನ ಮಾತಾಡದೆ ಇರಬಹುದು. ಸಹಿಸಿಕೋ.

ಈಗ ಎಲ್ಲ ಗೊತ್ತಿದ್ದು ಹೇಳುತ್ತಿದ್ದೇನೆ. ಫೂಲ್ಮತಿಗೆ ಇದನ್ನು ಓದಿ ಹೇಳು. ತಗಡನ್ನು ಮತ್ತೆ ಮೇಲೆ ಹೊಡೆಯಲಿ. ಅವಳಿಗೆ ಕೈ ಬಾರದಿದ್ದರೆ ಇಲಿಯೇಸರಿಗೆ ಹೇಳಿ ಹೊಡೆಸು. ಅಮ್ಮ ಹೇಳಿದ ಮಾತಿಗಿಂತ ಹೆಚ್ಚಿನದು ನನ್ನ ಹತ್ತಿರ ಇಲ್ಲ.

ಅಮ್ಮನಿಗೆ ಆ ರೊಟ್ಟಿ ತಿನ್ನೆಂದು ಯಾರೂ ಒತ್ತಾಯ ಮಾಡಬೇಡಿ.

ಆಗಸ್ಟ್ ಕೊನೆಗೆ ನನ್ನನ್ನು ಕಳಿಸಿಕೊಡುತ್ತಾರೆ. ದೋಣಿ ಇಳಿದವನೇ ಮೊದಲು ಮನೋವಾನ ಹತ್ತಿರ ಹೋಗುತ್ತೇನೆ. ಅಲ್ಲಿಗೆ ನನ್ನ ಹಿಂದೆ ಯಾರೂ ಬರುವುದು ಬೇಡ, ಅವನಿಗೆ ಬರೆದದ್ದನ್ನೆಲ್ಲ ನಾನು ವಾಪಸು ತೆಗೆದುಕೊಳ್ಳಬೇಕು. ಆಮೇಲೆ ಅಮ್ಮನ ಹತ್ತಿರ. ಆಮೇಲೆ ನಿನ್ನ ಮತ್ತು ಮಕ್ಕಳ ಹತ್ತಿರ. ಪಕ್ಕದ ಮನೆಗೂ ಹೋಗಲೇಬೇಕಾಗುತ್ತದೆ. ಆ ಮೂರು ಹುಡುಗಿಯರು ಬಾಗಿಲಲ್ಲಿ ನಿಂತು ನನ್ನನ್ನು ನೋಡುತ್ತಿರುತ್ತಾರೆ. ಅದನ್ನು ಯೋಚಿಸಿಯೇ ನನಗೆ ಇಲ್ಲಿ ನಿದ್ದೆ ಬರುತ್ತಿಲ್ಲ.

ಮೂವರಲ್ಲಿ ಯಾರನ್ನು ಅವನು ನಿನ್ನ ಕೈಗೆ ಕೊಟ್ಟ ಎಂದು ನೀನು ಬರೆದಿಲ್ಲ. ಮರೆತೆಯೋ, ಬೇಕೆಂದೇ ಬಿಟ್ಟೆಯೋ. ಬರೆಯಬೇಡ. ನಾನು ಕೇಳಿದರೂ ಹೇಳಬೇಡ. ಕುಡಿದು ಕೇಳಿದರೂ, ಅತ್ತು ಕೇಳಿದರೂ ಹೇಳಬೇಡ. ತೇವಿತನಿಗೂ, ಲಿತಿಯಾಳಿಗೂ, ಊರಿಗೂ ಹೇಳಿಡು. ಈ ಒಂದು ವಿಷಯವನ್ನು ನೀನು ನನ್ನಿಂದ ಜೀವಮಾನವಿಡೀ ಮುಚ್ಚಿಡಬೇಕು.

ಅಪಿಸಾಯ್